ವಾರಕ್ಕೊಂದು ಸಲ ಸಾಕು

ಶಾರ್ಜಾಕ್ಕೆ ಹೊರಡುವ ಮುಂಚೆ ನಾನು ಕೇಳಿದ್ದು ಒಂದೇ ಪ್ರಶ್ನೆ: ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಎಷ್ಟು ದಿನ ತಡೆಯುತ್ತದೆ?

ನಮ್ಮ ಅಮ್ಮಾನ್ ಶಹರದಲ್ಲಿ ಇಂಥ ಪ್ರಶ್ನೆ ಕೇಳಬಾರದು. ಗೊತ್ತಿಲ್ಲ ಅನ್ನುವ ಗಂಡಸು ಇಲ್ಲಿ ಇನ್ನೂ ಹುಟ್ಟಿಲ್ಲ. ಸೋದರಮಾವ ಇಡೀ ಬೇಸಿಗೆ ತಡೆಯುತ್ತೆ ಅಂದರು. ತರಕಾರಿ ಅಂಗಡಿಯವನು ನಾಳೆಯೇ ಸತ್ತುಹೋಗುತ್ತೆ ಅಂದ. ಗ್ಯಾರೇಜಿನ ಬರ್ಹೂಮ್ ಮಾತ್ರ ಬಾನೆಟ್ ಎತ್ತಿ ನೋಡಿದ.

"ಹೊಸದಾಗಿದ್ರೆ ತಿಂಗಳು, ಒಂದೂವರೆ ತಿಂಗಳು ತಡ್ಕೊಳ್ತಿತ್ತು ತಂಗಿ. ಇದು ಮುದುಕಿ, ಎರಡು ವಾರ ದಾಟಿದ್ರೆ ಹೆಚ್ಚು. ಗಾಡಿ ನಿಂತಿದ್ರೂ ಗಡಿಯಾರ, ಅಲಾರಂ ಸುಮ್ನಿರಲ್ಲ, ಒಳಗೊಳಗೇ ತಿಂತಿರ್ತವೆ. ವೈರ್ ಬಿಚ್ಚಿಟ್ಟು ಹೋಗು."

ವೈರ್ ಬಿಚ್ಚುವುದು ಒಂದು ಸ್ಪ್ಯಾನರಿನ ಕೆಲಸ. ನಾನು ಬಿಚ್ಚಲಿಲ್ಲ. ಬಿಚ್ಚಿದ್ದರೆ ಮೇಲಿನ ಮಹಡಿಯ ಮೇಷ್ಟ್ರಿಗೆ ಕೀ ಕೊಡಲು ನೆಪವೇ ಇರುತ್ತಿರಲಿಲ್ಲ.

ಮೇಷ್ಟ್ರ ಹೆಸರು ಗೈಥ್. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತಾರೆ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ನನಗೆ ದಾರಿ ಬಿಡುತ್ತಾರೆ, ಆಮೇಲೆ ತಿರುಗಿ ನೋಡುತ್ತಾರೆ. ಅದು ನನಗೆ ಹೇಗೆ ಗೊತ್ತು ಅಂದರೆ, ಅಷ್ಟು ಹೊತ್ತಿಗೆ ನಾನೂ ತಿರುಗಿರುತ್ತೇನೆ. ಎರಡು ವರ್ಷದಿಂದ ನಮ್ಮ ನಡುವೆ ನಡೆದದ್ದು ಇಷ್ಟೇ.

"ವಾರಕ್ಕೊಂದು ಸಲ ಸಾಕು ಮೇಷ್ಟ್ರೇ," ಅಂದೆ. "ಅರ್ಧ ಗಂಟೆ ಓಡಿಸಿ, ತಂದು ನಿಲ್ಲಿಸಿಬಿಡಿ."

"ಓಡಿಸ್ಬೇಕಾ?"

"ಮತ್ತೆ? ಹೆಗಲ ಮೇಲೆ ಹೊತ್ಕೊಂಡು ತಿರುಗ್ತೀರಾ?"

"ಇಲ್ಲ ಇಲ್ಲ. ಆಗ್ಲಿ ಹನಾದಿ ಅವರೇ, ನೋಡ್ಕೊಳ್ತೀನಿ."

ಕೀ ತೆಗೆದುಕೊಳ್ಳುವಾಗ ಅವರ ಬೆರಳು ನನ್ನ ಅಂಗೈಗೆ ತಾಗಿತು. ಮೇಷ್ಟ್ರು ಕಿವಿಯವರೆಗೂ ಕೆಂಪಾದರು. ನಾಚಿಕೆ ಇರಬೇಕು ಅಂದುಕೊಂಡು ಖುಷಿಪಟ್ಟೆ.

ಶಾರ್ಜಾದಲ್ಲಿ ತಂಗಿ ರೂಲಾಳ ಬಾಣಂತನ. ಅಮ್ಮ, ನಾನು ಇಬ್ಬರೂ ಹೋಗಿದ್ದೆವು. ಅಲ್ಲಿ ರೂಲಾ ನನಗೊಂದು ಕೆಲಸವನ್ನೂ ನೋಡಿಟ್ಟಿದ್ದಳು, ಇಲ್ಲಿ ಮಾಡುತ್ತಿದ್ದ ಫಿಸಿಯೋಥೆರಪಿಯೇ, ಸಂಬಳ ದುಪ್ಪಟ್ಟು.

"ಅಮ್ಮಾನಲ್ಲಿ ನಿನಗೇನಿದೆ ಹೇಳಕ್ಕಾ, ಆ ಹಳೇ ಕಾರು ಬಿಟ್ರೆ?" ಅಂದಳು.

ಇದ್ದದ್ದು ಪ್ರತಿ ಶುಕ್ರವಾರ ಮೇಷ್ಟ್ರಿಂದ ಮೊಬೈಲಿಗೆ ಬರುವ ಒಂದು ಸಾಲು: ಕಾರು ಕ್ಷೇಮ. ಅದನ್ನು ನಾನು ಎಷ್ಟು ಸಲ ಓದುತ್ತಿದ್ದೆ ಅಂತ ಹೇಳಿದರೆ ನಗುತ್ತೀರಿ. ಹೋಗಿ ಕಾರು ಮಾರಿ ಬರುತ್ತೇನೆ ಅಂತ ರೂಲಾಳಿಗೆ ಹೇಳಿ ಒಬ್ಬಳೇ ವಾಪಸು ಬಂದೆ. ಅಮ್ಮಾನಿನಲ್ಲಿ ನನಗೆ ಏನಾದರೂ ಇದ್ದರೆ ಈಗ ಗೊತ್ತಾಗಬೇಕು, ಇಲ್ಲದಿದ್ದರೆ ಶಾರ್ಜಾ.

ಕಾರು ಕೊಳ್ಳುವವನು ಮಧ್ಯಾಹ್ನದ ನಮಾಜು ಮುಗಿಸಿ ಬರುವವನಿದ್ದ. ಬೆಳಿಗ್ಗೆ ಬಾಗಿಲು ತಟ್ಟಿದರೆ ಮೇಷ್ಟ್ರು ಮನೆಯಲ್ಲಿರಲಿಲ್ಲ. ನನ್ನ ಹತ್ತಿರವಿದ್ದ ಇನ್ನೊಂದು ಕೀಯಿಂದ ಕಾರಿನ ಬಾಗಿಲು ತೆಗೆದು ಕೂತು, ಸ್ಟಾರ್ಟ್ ಮಾಡಲು ತಿರುಗಿಸಿದೆ. ಟಕ್ ಅಂದಿತು, ಅಷ್ಟೇ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಒಮ್ಮೆ ಮಿಣುಕಿ ಮಂಕಾಯಿತು.

ಒಂದೇ ಒಂದು ಸಲವೂ ಮುಟ್ಟಿಲ್ಲ ಈ ಮನುಷ್ಯ! ಶುಕ್ರವಾರ ಶುಕ್ರವಾರ ಸುಳ್ಳು ಬರೆದು ಕಳಿಸಿದ್ದಾರೆ. ನಾನು ಮೂರ್ಖಳ ಹಾಗೆ ಓದಿದ್ದೇನೆ. ಸರಿ, ಉತ್ತರ ಸಿಕ್ಕಿತಲ್ಲ ಅಂದುಕೊಂಡೆ.

ಆಗ ಕೆಳಮನೆಯ ಉಮ್ ಗಸ್ಸಾನ್ ಅಡುಗೆಮನೆಯ ಕಿಟಕಿಯಿಂದ ತಲೆ ಹಾಕಿದಳು. ಕೈಯಲ್ಲಿ ಅಕ್ಕಿ ತುಂಬಿ ಅರ್ಧ ಸುತ್ತಿದ ದ್ರಾಕ್ಷಿ ಎಲೆ.

"ಅಂತೂ ಬಂದ್ಯೇನೇ? ಇನ್ನಾದ್ರೂ ನಿನ್ನ ಮೇಷ್ಟ್ರ ಕಾಟ ತಪ್ತು!"

"ನನ್ನ ಮೇಷ್ಟ್ರಾ?"

"ಮತ್ತೇನು, ನನ್ನವನಾ? ದಿನಾ ಸಂಜೆ ಬಂದು ಕೂರ್ತಿದ್ದ ಕಣೇ. ಗುರ್ ಅನ್ನಿಸೋದು, ನನ್ನ ಅಡುಗೆಮನೆ ತುಂಬ ಹೊಗೆ. ನಾನು ಕೂಗಾಡಿದ್ರೆ ತಕ್ಷಣ ಆರಿಸೋದು. ಆಮೇಲೆ ರೇಡಿಯೋ ಹಾಕ್ಕೊಂಡು ಕತ್ತಲಾಗೋವರೆಗೂ ಸುಮ್ನೆ ಕೂತಿರೋದು. ಗಾಡಿ ಒಂದಿಂಚೂ ಅಲ್ಲಾಡ್ಲಿಲ್ಲ!"

ನನಗೆ ಎಲ್ಲ ತಿಳಿಯಿತು. ಒಂದು ಸಲ ಸ್ಟಾರ್ಟ್ ಮಾಡಿದರೆ ಬ್ಯಾಟರಿಯಿಂದ ಒಂದು ಬೊಗಸೆ ಹೋಗುತ್ತದೆ. ಎರಡು ನಿಮಿಷ ಆನ್ ಇಟ್ಟರೆ ವಾಪಸು ಬರುವುದು ಒಂದು ಹನಿ. ಅದರ ಮೇಲೆ ರೇಡಿಯೋ ಬೇರೆ. ಈ ಪುಣ್ಯಾತ್ಮ ಮರೆತು ಕೊಂದದ್ದಲ್ಲ, ದಿನಾ ಬಂದು ಕೊಂದದ್ದು.

ಅಷ್ಟರಲ್ಲಿ ರೊಟ್ಟಿಯ ಪೊಟ್ಟಣ ಹಿಡಿದುಕೊಂಡು, ಹವಾಯಿ ಚಪ್ಪಲಿಯಲ್ಲಿ ಮೇಷ್ಟ್ರೇ ಬಂದರು. ನನ್ನನ್ನು ಕಂಡವರೇ ನಿಂತುಬಿಟ್ಟರು.

"ಕಾರು ಕ್ಷೇಮವಾ ಮೇಷ್ಟ್ರೇ?"

ಅವರು ಕಾರನ್ನು ನೋಡಿದರು, ಕಿಟಕಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಸ್ಟಾರ್ಟ್ ಆಗ್ಲಿಲ್ವಾ?"

"ಓಡಿಸಿ ಅಂದಿದ್ದೆ."

"ನನಗೆ ಓಡಿಸೋಕೆ ಬರಲ್ಲ."

"ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೀ ವಾಪಸ್ ತಗೊಳ್ತಿದ್ರಿ."

"ಹೋಗ್ಲಿ, ವಾರಕ್ಕೊಂದು ಸಲ ಅಂದಿದ್ದೆನಲ್ಲ?"

"ಸಾಕಾಗ್ಲಿಲ್ಲ," ಅಂದರು, ರೊಟ್ಟಿಯ ಪೊಟ್ಟಣವನ್ನು ನೋಡುತ್ತ.

ಕಿಟಕಿಯಲ್ಲಿ ದ್ರಾಕ್ಷಿ ಎಲೆ ಸುತ್ತುವ ಕೈ ನಿಂತಿತು. ನಾನು ಹೇಳಬಾರದ್ದನ್ನೇ ಹೇಳಿದೆ.

"ಮಧ್ಯಾಹ್ನ ಇದನ್ನ ಕೊಳ್ಳೋಕೆ ಬರ್ತಿದ್ದಾರೆ. ನನಗೆ ಶಾರ್ಜಾದಲ್ಲಿ ಕೆಲಸ ಸಿಕ್ಕಿದೆ."

ಹೋಗಬೇಡ ಅನ್ನುತ್ತಾರೆ ಅಂತ ಕಾದೆ. ಮೇಷ್ಟ್ರು ರೊಟ್ಟಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಅಂಗಿಯ ತೋಳು ಮಡಚಿದರು. "ಹಾಗಾದ್ರೆ ಸ್ಟಾರ್ಟ್ ಆಗ್ಲೇಬೇಕು. ನೀವು ಕೂತ್ಕೊಳ್ಳಿ, ನಾನು ತಳ್ತೀನಿ."

ಸಾವಿರ ವರ್ಷದ ರಾಜರ ಕಥೆ ಬಾಯಿಪಾಠ, ಎದುರಿಗಿರುವ ಹೆಂಗಸಿಗೆ ಎರಡು ಮಾತು ಹೇಳಲು ಬರುವುದಿಲ್ಲ! ಸಿಟ್ಟಿನಲ್ಲೇ ಕೂತೆ, ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದೆ. ನಮ್ಮ ಬೀದಿಯ ಇಳಿಜಾರಿನಲ್ಲಿ ಬೆಕ್ಕು ಕೂಡ ಹುಷಾರಾಗಿ ಇಳಿಯಬೇಕು. ಮೇಷ್ಟ್ರು ತಳ್ಳಿದರು. ಕಾರು ಉರುಳಿ ವೇಗ ಹಿಡಿಯಿತು, ಕ್ಲಚ್ ಬಿಟ್ಟೆ, ಒಮ್ಮೆ ಗಕ್ಕನೆ ಕುಲುಕಿ ಇಂಜಿನ್ ಗುಡುಗಿತು.

ಕನ್ನಡಿಯಲ್ಲಿ ಮೇಷ್ಟ್ರು ಕಂಡರು. ಬೀದಿಯ ನಡುವೆ ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತ, ಗೆದ್ದವರ ಹಾಗೆ ನಗುತ್ತಿದ್ದರು. ಕಾರು ಸ್ಟಾರ್ಟ್ ಆದರೆ ನಾನು ಹೋಗುತ್ತೇನೆ ಅಂತ ಗೊತ್ತಿದ್ದೂ ನಗುತ್ತಿದ್ದರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯದೆ ಹ್ಯಾಂಡ್‌ಬ್ರೇಕ್ ಎಳೆದು ಪಕ್ಕದ ಬಾಗಿಲು ತೆರೆದೆ. "ಹತ್ತಿ! ಆರಿಹೋದ್ರೆ ಮತ್ತೆ ತಳ್ಳೋಕೆ ಇಳಿಜಾರಿಲ್ಲ!"

"ನಾನಾ? ಚಪ್ಪಲಿ..."

"ಹತ್ರೀ ಮೇಷ್ಟ್ರೇ!"

ಒಂದು ಚಪ್ಪಲಿ ಮೇಲೆ ಬೀದಿಯಲ್ಲೇ ಉಳಿಯಿತು. ಉಮ್ ಗಸ್ಸಾನ್ ನೋಡುತ್ತಿದ್ದಳು, ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ. ಆಗಲಿ ಅಂದುಕೊಂಡೆ.

ಬ್ಯಾಟರಿ ತುಂಬಬೇಕಾದರೆ ಓಡುತ್ತಲೇ ಇರಬೇಕು. ಸಾಲ್ಟ್ ಊರಿನ ದಾರಿ ಹಿಡಿದೆ. ರಸ್ತೆ ಬದಿಯ ಕಾಫಿ ಅಂಗಡಿಯ ಮುಂದೆ ಇಂಜಿನ್ ಆರಿಸದೆ ನಿಲ್ಲಿಸಿದೆ. ಕಾಫಿಯವನು ಕಿಟಕಿಗೇ ಎರಡು ಕಾಗದದ ಲೋಟ ತಂದುಕೊಟ್ಟ.

ನಾನು ಕುಡಿದೆ. ಮೇಷ್ಟ್ರು ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಡ್ಯಾಶ್‌ಬೋರ್ಡಿನ ಮೇಲೆ ನನ್ನ ಮುಂದೆ ಇಟ್ಟರು.

ನಮ್ಮಲ್ಲಿ ಹೆಣ್ಣು ಕೇಳಲು ಬಂದ ಹಿರಿಯರು ಮಾಡುವುದು ಹಾಗೆ. ಕೊಟ್ಟ ಕಾಫಿಯನ್ನು ಮುಟ್ಟದೆ ಮುಂದಿಡುತ್ತಾರೆ, ಕೇಳಿದ್ದು ಸಿಕ್ಕ ಮೇಲೆಯೇ ಕುಡಿಯುತ್ತಾರೆ. ಒಲ್ಲೆ ಅಂದರೆ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರೆ.

"ಹಿರಿಯರೆಲ್ಲಿ ಮೇಷ್ಟ್ರೇ?" ಅಂದೆ.

"ಆಮೇಲೆ ಕರ್ಕೊಂಡು ಬರ್ತೀನಿ. ಬಸ್ಸಲ್ಲಿ."

ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು. ಕಾರು ಕೊಳ್ಳುವವನು.

"ಕ್ಷಮಿಸಿ, ಕಾರು ಮಾರಲ್ಲ," ಅಂದು ಇಟ್ಟುಬಿಟ್ಟೆ.

ಮೇಷ್ಟ್ರು ಆಗಲೂ ಲೋಟ ಮುಟ್ಟಲಿಲ್ಲ.

"ಇನ್ನೇನು?"

"ಅದು ಕಾರಿನ ಮಾತಾಯ್ತು," ಅಂದರು. "ನಾನು ಕೇಳಿದ್ದು ಕಾರನ್ನಲ್ಲ."

ಇಂಜಿನ್ ಅದುರುತ್ತಿತ್ತು, ಅದರ ಜೊತೆ ಲೋಟದೊಳಗಿನ ಕಾಫಿಯೂ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಬೆವರಿದ ಹಣೆ. ಈ ಮನುಷ್ಯನನ್ನು ನಾನು ಎರಡು ವರ್ಷದಿಂದ ಪ್ರೀತಿಸುತ್ತಿದ್ದೆ. ಅಪ್ಪ ಇದ್ದಿದ್ದರೆ ಅವರು ಹೇಳಬೇಕಾಗಿದ್ದ ಮಾತನ್ನು ನಾನೇ ಹೇಳಿದೆ.

"ನಿನ್ನ ಕಾಫಿ ಕುಡಿ ಗೈಥ್. ಕೇಳಿದ್ದು ಕೊಟ್ಟಾಯ್ತು."

ಅವನು ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡ.