ಬೆಳಗಿನ ಮೊದಲ ಚೀಟಿ

"ನಿಮಗೆ ಇದನ್ನ ಓದೋಕೆ ಬರಲ್ವಾ?"

ಹೊಸ ಕಂಪ್ಯೂಟರ್ ಜೋಡಿಸಲು ಬಂದ ರಿಪೇರಿಯವನು ಮೆಲ್ಲಗೆ ಕೇಳಿದ್ದಷ್ಟೇ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ನಂಬರ್ ಚೀಟಿ ಕೊಡುವ ಅವಳು ಎಲ್ಲರಿಗೂ ಚೀಟಿಯಕ್ಕ. ಮೂರು ವರ್ಷ ಅವಳು ಇಂಗ್ಲಿಷ್ ಪರದೆಯನ್ನು ಓದಿ ಕೆಲಸ ಮಾಡಿದ್ದಲ್ಲ, ಯಾವುದು ಎಲ್ಲಿದೆ ಎಂದು ಬಾಯಿಪಾಠ ಮಾಡಿಕೊಂಡಿದ್ದಳು. ಹೊಸ ಕಂಪ್ಯೂಟರಿನಲ್ಲಿ ಎಲ್ಲವೂ ಜಾಗ ಬದಲಿಸಿ ಕೂತು ಗುಟ್ಟು ರಟ್ಟಾಯಿತು.

"ಯಾರಿಗೂ ಹೇಳಬೇಡಿ... ಇದನ್ನ ನಮ್ಮ ಭಾಷೆಗೆ ಮಾಡೋಕೆ ಆಗುತ್ತಾ?"

ಅವನು ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ಸೆಟ್ಟಿಂಗ್ಸ್, ಭಾಷೆಗಳ ಪಟ್ಟಿ, ಅದರಲ್ಲಿ ನಮ್ಮದನ್ನು ಎಲ್ಲಕ್ಕಿಂತ ಮೇಲಕ್ಕೆ ಎಳೆಯುವುದು... ದಾರಿ ತೋರಿಸಿದ, ಕೈ ಮಾತ್ರ ಅವಳದೇ ಆಗಬೇಕೆಂದ. ಚೀಟಿಯ ಅಂಕಿಗಳೂ ನಮ್ಮ ಲಿಪಿಯಲ್ಲೇ ಬರಬೇಕಾ ಎಂದು ಕೇಳಿದಾಗ ಅವಳು ಉತ್ಸಾಹದಿಂದ ಹೂಂ ಅಂದಳು. ಪರದೆ ಆರಿ ಹೊತ್ತಿಕೊಂಡಾಗ ಪ್ರತಿ ಪದವೂ ಅರ್ಥವಾಗುತ್ತಿತ್ತು.

ಉಳಿದ ಕೋಣೆಗಳ ಕೆಲಸಕ್ಕೆ ಅವನು ಹತ್ತು ದಿನ ಬಂದ. ಹತ್ತೂ ದಿನ ಅವನ ಕೇಬಲ್ಲು ಯಾಕೋ ಅವಳ ಕೌಂಟರಿನ ಹತ್ತಿರವೇ ಕಳೆದುಹೋಗುತ್ತಿತ್ತು. ಅವಳೂ ಹುಡುಕಿಕೊಡುತ್ತಿದ್ದಳು ಬಿಡಿ!

ಹತ್ತನೆಯ ದಿನ ಹಿರಿಯ ನರ್ಸ್ ಒಂದು ಚೀಟಿ ಎತ್ತಿ ಹಿಡಿದಳು. ಅದರಲ್ಲಿ ೧೭ ಎಂದಿತ್ತು.

"ಏನಿದು? ನಮ್ಮ ಚೀಟಿಯಕ್ಕನಿಗೆ ಇಂಗ್ಲಿಷೇ ಬರಲ್ವೇನೋ!"

ಎಲ್ಲರೂ ನಕ್ಕರು. ಅವಳ ಬಾಯಿಂದ ಬಂದದ್ದು ಇಷ್ಟು: "ನನಗೇನು ಗೊತ್ತು? ಆ ರಿಪೇರಿಯವರು ಕೇಳದೆ ಏನೋ ಮಾಡಿಟ್ಟಿದ್ದಾರೆ."

ಅವನು ಬೆನ್ನ ಹಿಂದೆಯೇ ನಿಂತಿದ್ದ. ಅವಳನ್ನು ಒಮ್ಮೆ ನೋಡಿ, "ಹೌದು, ನನ್ನದೇ ತಪ್ಪು," ಎಂದ. ಎಲ್ಲವನ್ನೂ ಮತ್ತೆ ಇಂಗ್ಲಿಷಿಗೆ ತಿರುಗಿಸಿದ. ಮ್ಯಾನೇಜರು ಇನ್ನು ಈ ಕಡೆ ಬರಬೇಡವೆಂದು ಎಲ್ಲರೆದುರೇ ಬೈದರೂ ಸುಮ್ಮನೆ ಬ್ಯಾಗು ತೆಗೆದುಕೊಂಡು ಹೋದ.

ಅವಳಿಗೆ ಊಟ ಸೇರಲಿಲ್ಲ. 'ಅವನು ನನ್ನ ಗುಟ್ಟು ಕಾಪಾಡಿದ. ನಾನು ಅವನ ಮಾನ ಕಳೆದೆ. ಯಾವ ಮುಖ ಹೊತ್ತು ಫೋನ್ ಮಾಡಲಿ?' ಕನ್ನಡಿ ನೋಡುವುದಕ್ಕೂ ನಾಚಿಕೆಯಾಗುತ್ತಿತ್ತು.

ಪರದೆಯ ಹೊಸ ಜಾಗಗಳನ್ನೂ ಬಾಯಿಪಾಠ ಮಾಡಿಕೊಂಡು ಹೇಗೋ ಕೆಲಸ ನಡೆಸಿದಳು. ವಾರದ ನಂತರ ಒಬ್ಬ ಅಜ್ಜಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಕೌಂಟರಿಗೆ ವಾಪಸ್ ಬಂದರು.

"ಹೋದ ಸಲ ನನ್ನ ನಂಬರು ನಾನೇ ಓದಿಕೊಂಡೆ ಮಗಳೇ, ಯಾರನ್ನೂ ಕೇಳಲಿಲ್ಲ. ಇವತ್ತು ಯಾಕೆ ಇಂಗ್ಲಿಷ್ ಅಂಕಿ ಹಾಕಿದ್ದೀರಿ?"

ಅವಳು ಎದ್ದು ನಿಂತಳು. ನರ್ಸನ್ನೂ ಮ್ಯಾನೇಜರನ್ನೂ ಕರೆದಳು. ಹಾಲಿನ ತುಂಬ ಜನರಿದ್ದರು.

"ಇಂಗ್ಲಿಷ್ ಬರದಿರೋದು ನನಗೆ. ಭಾಷೆ ಬದಲಿಸಿದ್ದೂ ನನ್ನ ಕೈಯೇ. ಅವರು ಕಲಿಸಿಕೊಟ್ಟರು, ನಾನು ಸುಳ್ಳು ಹೇಳಿದೆ."

ಯಾರೂ ನಗಲಿಲ್ಲ. ಮ್ಯಾನೇಜರು ತಾವೇ ಅವನಿಗೆ ಫೋನ್ ಮಾಡಿ ಬರಹೇಳುತ್ತೇನೆ ಎಂದರು.

ಮರುದಿನ ಮಧ್ಯಾಹ್ನ ಅವನು ಬಂದ. ಪರದೆಯ ಮೇಲೆ ಮತ್ತೆ ನಮ್ಮ ಭಾಷೆಯಿತ್ತು.

"ಯಾರು ಮಾಡಿಕೊಟ್ಟರು?"

"ನಾನೇ. ನೀವು ಕಲಿಸಿದ್ದು ಮರೆತಿರಲಿಲ್ಲ." ಅವಳು ತಲೆ ಎತ್ತಲಿಲ್ಲ. "ಕ್ಷಮಿಸಿ ಅನ್ನೋಕೂ ನಾಚಿಕೆಯಾಗುತ್ತೆ."

"ಬೈಸಿಕೊಂಡದ್ದಕ್ಕೆ ಬೇಜಾರಿಲ್ಲ," ಎಂದ ಅವನು. "ನನ್ನ ಪರಿಚಯವೇ ಇಲ್ಲದ ಹಾಗೆ 'ಆ ರಿಪೇರಿಯವರು' ಅಂದ್ರಲ್ಲ... ಅದು ಚುಚ್ಚಿತು."

ಅವಳ ಕಣ್ಣು ತುಂಬಿತು. ಡ್ರಾಯರಿನಿಂದ ಒಂದು ಚೀಟಿ ತೆಗೆದು ಅವನ ಮುಂದಿಟ್ಟಳು. ಅದರಲ್ಲಿ ೧ ಎಂದಿತ್ತು.

"ಇಷ್ಟು ಜನ ಬಂದು ಹೋದ ಮೇಲೆ ನನಗೆ ಒಂದನೇ ನಂಬರಾ?"

"ಬಾಗಿಲು ತೆಗೆದ ಕೂಡಲೇ ನಿಮಗೇ ಅಂತ ತೆಗೆದಿಟ್ಟೆ."

"ನಾನು ಬರದೇ ಇದ್ದಿದ್ದರೆ?"

"ನಾಳೆಯ ಮೊದಲನೆಯದನ್ನೂ ತೆಗೆದಿಡ್ತಿದ್ದೆ."

ಅವನು ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಪಕ್ಕದ ಕುರ್ಚಿ ಎಳೆದು ಕೂತ.

"ಹಾಗಾದರೆ ನಾಳೆಯದನ್ನೂ ತೆಗೆದಿಡಿ," ಎಂದ.