ಡ್ರಮ್ಮಿನ ಪಕ್ಕದ ರಸಪುರಿ

ಹೊರಮಾವಿನ ಆಂಜನಮ್ಮ ಉಗ್ರಾಣದ ಬಾಗಿಲು ತೆರೆದವಳೇ ನಿಂತುಬಿಟ್ಟಳು. ಘಮ್ಮೆಂದಿತು. ಇಷ್ಟು ಬೇಗ ಬರಬಾರದ ಘಮ!

ರಾಗಿ ಡ್ರಮ್ಮಿನ ಪಕ್ಕದಿಂದ ಬಾಗಿಲವರೆಗೆ ಹಳೇ ಪೇಪರಿನ ಮೇಲೆ ಹರಡಿದ್ದ ರಸಪುರಿ ಕಾಯಿಗಳು ಬಹುಪಾಲು ಹಣ್ಣಾಗಿದ್ದವು. ಹಿತ್ತಲಿನ ಮರದಿಂದ ಕಳೆದ ವಾರವಷ್ಟೇ ತಾನೇ ನಿಂತು ತೊಟ್ಟುಸಮೇತ ಕೀಳಿಸಿದ್ದಳು. ಹದವಾದ ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದಕ್ಕೊಂದು ತಾಗದಂತೆ ಇಟ್ಟಿದ್ದಳು. ತಂಪಿಗೆಂದು ಕಿಟಕಿಗೆ ಒದ್ದೆ ಗೋಣಿ ಬೇರೆ. ಇನ್ನೊಂದಷ್ಟು ದಿನ ಅವು ಕಾಯಾಗಿಯೇ ಇರಬೇಕಿತ್ತು.

ಮಗಳು ರಮ್ಯಶ್ರೀ ಇರುವುದು ಶಿವಾಜಿನಗರದಲ್ಲಿ. ಅಕ್ತರನನ್ನು ಮದುವೆಯಾದ ಮೇಲೆ ಅಪ್ಪನ ಕೋಪಕ್ಕೆ ಅಂಜಿ ತವರಿನ ಹೊಸಿಲು ತುಳಿದಿಲ್ಲ. "ಅಪ್ಪ ತಿರುಪತಿಗೆ ಹೋದಾಗ ಬರ್ತೀನಮ್ಮ, ನಮ್ಮ ಮರದ ಹಣ್ಣು ಇಟ್ಟಿರು" ಎಂದು ಫೋನಿನಲ್ಲಿ ಹೇಳಿದ್ದಳು. ಅಂದಿನಿಂದ ತಾಯಿಗೆ ಅವಳ ಮುಖ ನೋಡುವುದೊಂದೇ ಹಂಬಲ.

ಆಂಜನಮ್ಮ ಕರೆದಳೆಂದು ಪಕ್ಕದ ಮನೆಯ ನಾಣಿ ಬಂದರು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದವರು.

"ಬೇಗ ಹಣ್ಣಾಗ್ಲಿ ಅಂತ ಯಾರೋ ಕಾರ್ಬೈಡ್ ಇಟ್ಟಿದಾರೆ ಸಾರ್!" ಎಂದಳು ಅವಳು.

"ಇಲ್ಲಿಗೆ ಯಾರ್ಯಾರು ಬರ್ತಾರೆ?"

"ನಾನು, ಸೊಸೆ ಸುಕನ್ಯ—"

"ಅತ್ತೇ, ನಾನ್ಯಾಕೆ ಹಂಗ್ ಮಾಡ್ಲಿ?" ಸುಕನ್ಯಳ ಕಣ್ಣು ತುಂಬಿತು. "ರಮ್ಯ ಬರ್ಲಿ ಅಂತ ನಂಗೂ ಆಸೆ ಇಲ್ವಾ?"

ನಾಣಿ ಜಗಲಿಗೆ ಬಂದರು. ಅಲ್ಲಿ ಯಜಮಾನ ದೊಡ್ಡಮುನಿಯಪ್ಪ ಪೇಪರು ಓದುತ್ತಿದ್ದ. "ನೀವೇನಾದ್ರೂ ಉಗ್ರಾಣಕ್ಕೆ ಹೋಗಿದ್ರಾ?"

"ಅಲ್ಲಿಗೆ ಕಾಲಿಟ್ಟು ಎಷ್ಟು ಕಾಲ ಆಯ್ತೋ! ದಡ್ಡಿ ಇವ್ಳು. ಆ ಡ್ರಮ್ಮಿನ ಪಕ್ಕ ಹರಡಿದ್ರೆ ಸೆಖೆಗೆ ಹಣ್ಣಾಗ್ದೆ ಇನ್ನೇನಾಗುತ್ತೆ?"

ನಾಣಿ ಮತ್ತೆ ಉಗ್ರಾಣಕ್ಕೆ ಹೋಗಿ ಬಗ್ಗಿ ನೋಡಿದರು. "ಬಾಗಿಲ ಹತ್ರದ್ದು ಇನ್ನೂ ಹಸಿರು. ಡ್ರಮ್ಮಿನ ಪಕ್ಕದ್ದು ಕೊಳೀತಿದೆ. ಇದ್ರಲ್ಲೇನಿದೆ?"

"ಖಾಲಿ ಸಾರ್. ಹೊಲ ಹೋದ್ಮೇಲೆ ರಾಗಿ ಎಲ್ಲಿಂದ ಬರ್ಬೇಕು?" ಎಂದಳು ಆಂಜನಮ್ಮ.

ನಾಣಿ ಸಡಿಲವಾಗಿದ್ದ ಮುಚ್ಚಳ ಎತ್ತಿದರು. ಒಳಗೆ ಚುಕ್ಕೆ ಬಿದ್ದ ಏಲಕ್ಕಿ ಬಾಳೆಯ ಚಿಪ್ಪುಗಳು, ತೆಂಗಿನಕಾಯಿ, ಅರಿಶಿನ ಕುಂಕುಮ, ಹಸಿರು ಬಳೆ, ಕುಬುಸದ ಕಣ! ತವರಿಗೆ ಬಂದ ಮಗಳ ಮಡಿಲು ತುಂಬುವ ಸಾಮಾನು.

ಗಂಡನೂ ಬಾಗಿಲಿಗೆ ಬಂದು ನಿಂತಿದ್ದ.

"ಬಾಳೆ ಹಣ್ಣಾಗೋವಾಗ ಬಿಡೋ ಗಾಳಿ ಪಕ್ಕದ ಕಾಯನ್ನೂ ಹಣ್ಣು ಮಾಡುತ್ತೆ," ಎಂದರು ನಾಣಿ. "ಮಾವಿನ ಘಮದಲ್ಲಿ ಅದ್ರ ವಾಸನೆ ನಿಮ್ಗೆ ತಿಳೀಲಿಲ್ಲ. ಆದ್ರೆ ಮುನಿಯಪ್ಪನವ್ರೇ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ. ಒಳಗೇ ಬಾರದವ್ರಿಗೆ ಕಾಯಿ ಡ್ರಮ್ಮಿನ ಪಕ್ಕ ಇದೆ ಅಂತ ಹೇಗೆ ಗೊತ್ತು? ಬಾಳೆ ಇಟ್ಟವ್ರು ನೀವೇ."

ದೊಡ್ಡಮುನಿಯಪ್ಪ ಹೆಂಡತಿಯ ಕಡೆ ತಿರುಗಿದ.

"ನೀನು ಫೋನಲ್ಲಿ ಪಿಸಪಿಸ ಅನ್ನೋದು ನಂಗೆ ಕೇಳ್ಸಲ್ವೇನೇ? ಬರಿಗೈಲಿ ಕಳಿಸ್ಬಾರ್ದು ಅಂತ ಕಾಯಿಬಾಳೆನೇ ತಂದಿಟ್ಟಿದ್ದೆ. ತಿರುಪತಿಗೆ ಹೊರಡೋ ದಿನ ಹೇಳಾಣ ಅಂತಿದ್ದೆ."

"ಅವಳು ಬರೋ ಹೊತ್ಗೆ ನೀವಿರ್ತಿರ್ಲಿಲ್ವಲ್ರೀ!" ಆಂಜನಮ್ಮ ಬಿಕ್ಕಿದಳು.

ಅವನು ಕೈ ಚಾಚಿದ. "ಫೋನು ಕೊಡು. ಅವ್ಳ ನಂಬರ್ ನನ್ ಹತ್ರ ಇಲ್ಲ."

ಆ ಕಡೆಯಿಂದ ಮಗಳ ದನಿ "ಅಮ್ಮಾ?" ಎಂದಿತು.

"ನಾನಮ್ಮಾ, ಅಪ್ಪ. ಹಣ್ಣು ಇನ್ನು ಕಾಯೋಲ್ಲ. ನಾನು ಮನೇಲೇ ಇರ್ತೀನಿ, ಇವತ್ತೇ ಬಾ. ಅಕ್ತರ್‌ನೂ ಕರ್ಕೊಂಡ್ ಬಾ."