ಬೂದಿ ಹಚ್ಚಿದ ಬೆರಳು

ತಪ್ಪು ಗೈಡನದು. ಹಡಗಿನ ಪ್ರವಾಸಿಗಳನ್ನೆಲ್ಲ ಜ್ವಾಲಾಮುಖಿಯ ದ್ವೀಪಕ್ಕೆ ಇಳಿಸಿದವನೇ, ಗಂಡ-ಹೆಂಡಿರನ್ನು ಗುರುತಿಸಿ ಜೋಡಿಗೊಂದು ಬಣ್ಣದ ಪಟ್ಟಿಯನ್ನು ಮಣಿಕಟ್ಟಿಗೆ ಹಾಕುತ್ತ ಬಂದ. ಗಂಡ-ಹೆಂಡಿರಲ್ಲದ ಬೆಟಗೇರಿಯ ಸೋಮೇಶನಿಗೂ ಶಿಗ್ಲಿಯ ವನಿತಾಳಿಗೂ ಒಂದೇ ಕೇಸರಿ ಬಣ್ಣ ಬಿತ್ತು. ಜೋಡಿ ಬಿಟ್ಟು ತಿರುಗಿದವರನ್ನು ಬೆಟ್ಟ ನುಂಗುತ್ತದೆ ಎಂದೂ ಹೆದರಿಸಿದ.

ವನಿತಾ ಬಿಚ್ಚಲು ನೋಡಿದಳು. ಬರಲಿಲ್ಲ.

"ಇರಲಿ ಬಿಡ್ರಿ ಅಣ್ಣಾರ. ಸಂಜಿಗೆ ಕತ್ತರಿ ಹಾಕಿದ್ರಾತು" ಎಂದಳು ಸೋಮೇಶನಿಗೆ.

ಸೋಮೇಶನಿಗೆ ಮುಜುಗರವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಹೆಂಡತಿ ಲಕ್ಷ್ಮೀದೇವಿ ತೀರಿಕೊಂಡ ಮೇಲೆ ಅವನಿಗೆ ಏನೂ ಆಗುವುದು ನಿಂತಿತ್ತು. ಒಮ್ಮೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಚೇಳು ಕಚ್ಚಿತಂತೆ. ಇವನು ಚಹಾ ಮುಗಿಸಿ, ಕಪ್ಪು-ಬಸಿ ತೊಳೆದಿಟ್ಟು, ಆಮೇಲೆ ಬಗ್ಗಿ ನೋಡಿದನಂತೆ. ಅಷ್ಟರಲ್ಲಿ ಚೇಳು ನಾಚಿಕೊಂಡು ಊರು ಬಿಟ್ಟಿತ್ತು. ಆ ಚೇಳನ್ನು ಗದಗ ಸ್ಟೇಷನ್ನಿನಲ್ಲಿ ಕಂಡವರು ಈಗಲೂ ಇದ್ದಾರೆ.

ನೂಲಿನ ಕಂಪನಿಯೊಂದು ತನ್ನ ಗಿರಾಕಿಗಳಿಗೆ ಕೊಟ್ಟ ಪ್ರವಾಸ ಅದು. ಸೋಮೇಶನನ್ನು ಅವನ ತಂಗಿ ಅನ್ನವ್ವ ದಬ್ಬಿ ಕಳಿಸಿದ್ದಳು. ವನಿತಾ ಲಕ್ಷ್ಮೇಶ್ವರದಲ್ಲಿ ಸೀರೆ ಅಂಗಡಿ ನಡೆಸುವವಳು; ಮದುವೆ ಎಂದೋ ಮುರಿದುಬಿದ್ದು, ಒಬ್ಬಳೇ ಬಂದಿದ್ದಳು. ಊಟದ ಟೇಬಲ್ಲಿನಲ್ಲಿ ದಿನವೂ ಎದುರುಬದುರು ಕೂತರೂ ಇಬ್ಬರ ನಡುವೆ ಉಪ್ಪಿನ ಡಬ್ಬಿ ಓಡಾಡಿತ್ತೇ ಹೊರತು ಮಾತು ಓಡಾಡಿರಲಿಲ್ಲ.

ದ್ವೀಪವೆಲ್ಲ ಸೀದ ರೊಟ್ಟಿಯ ಬಣ್ಣ. ಬಿರುಕಿನಿಂದ ಹೊಗೆ, ದೀಪಾವಳಿಯ ಮರುದಿನ ಓಣಿಯಲ್ಲಿ ಬರುವಂಥ ವಾಸನೆ. ನಮ್ಮ ಕಡೆಯ ಡೋಣಿ ಊರಿನಿಂದ ನೋಡಿದರೆ ಕಪ್ಪತಗುಡ್ಡವೂ ಹೀಗೇ ಮಲಗಿದ ಎಮ್ಮೆಯಂತೆ ಕಾಣುತ್ತದೆ, ಆದರೆ ಅದಕ್ಕೆ ಇಷ್ಟು ಸಿಟ್ಟಿಲ್ಲ ಎಂದು ವನಿತಾ ಹೇಳಿದಳು. ಸೋಮೇಶ ಹೂಂ ಅಂದ. ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ರಬ್ಬರು ಸುಟ್ಟ ವಾಸನೆಗೆ ಅವಳು ಮೂಗು ಅರಳಿಸಿದಳು. ಆಮೇಲೆ ಅವನ ಕಾಲು ನೋಡಿದಳು. ಬಿಸಿ ನೆಲಕ್ಕೆ ಅವನ ಚಪ್ಪಲಿಯ ಅಟ್ಟೆ ಕರಗಿ, ಬೆಲ್ಲದ ಪಾಕದಂತೆ ಎಳೆ ಬಿಡುತ್ತಿತ್ತು.

"ಸುಡಂಗಿಲ್ಲೇನ್ರಿ ನಿಮಗ?"

"ಗೊತ್ತಾಗ್ಲಿಲ್ರಿ."

ಅವಳು ಕೇಸರಿ ಪಟ್ಟಿ ಹಿಡಿದು ಅವನನ್ನು ತಣ್ಣನೆಯ ಬಂಡೆಗೆ ಎಳೆದು ಕೂರಿಸಿದಳು. ಆ ರಭಸಕ್ಕೆ ಅವಳ ಸೆರಗು ಚೂಪುಗಲ್ಲಿಗೆ ಸಿಕ್ಕಿ ಅಂಚಿನ ಎಳೆ ಕಿತ್ತುಬಂತು. ಅವಳು ಅದನ್ನು ಹರಿದು ಎಸೆಯಲು ಹೋದಳು.

ಸೋಮೇಶ ಕೈ ಅಡ್ಡ ಹಿಡಿದ. ಏಕೆಂದು ಅವನಿಗೂ ತಿಳಿಯಲಿಲ್ಲ. ಬಗ್ಗಿ ಬಂಡೆಯ ಬುಡದ ಬೂದಿಯಲ್ಲಿ ಹೆಬ್ಬೆರಳು, ತೋರುಬೆರಳು ಅದ್ದಿದ. ಹರಿದ ಎರಡು ತುದಿಗಳನ್ನು ಹಿಡಿದು ಒಂದು ಹುರಿ ಕೊಟ್ಟ. ಗಂಟಿಲ್ಲದೆ ಎಳೆ ಕೂಡಿತು. ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಗ್ಗದ ಹಾಸು, ಅಂದರೆ ಉದ್ದನೂಲು, ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಹೀಗೇ ಕೂಡಿಸುತ್ತಾರೆ, ಬೆರಳು ಜಾರದಿರಲಿ ಎಂದು ಬೂದಿ ಮುಟ್ಟಿ ಮುಟ್ಟಿ.

ವನಿತಾ ಎಳೆಯನ್ನು ನೋಡಲಿಲ್ಲ, ಬೆರಳನ್ನು ನೋಡಿದಳು. ನಮ್ಮವ್ವನೂ ಹೀಗೇ ಕೂಡಿಸುತ್ತಿದ್ದಳು, ನನಗೂ ಕಲಿಸಿದ್ದಾಳೆ ಎಂದಳು. ಮತ್ತೆ ಬೆರಳನ್ನೇ ನೋಡಿದಳು. ಅವನು ನೋಡುತ್ತಿದ್ದಾನೆಂದು ತಿಳಿದು ಹೊಗೆಯ ಕಡೆ ತಿರುಗಿದಳು. ಹೊಗೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಆಗ ಸೋಮೇಶ, ಯಾರೂ ಕೇಳದೆ, ಹೇಳಿದ. ಮನೆಯ ಮಗ್ಗದಲ್ಲಿ ಲಕ್ಷ್ಮೀದೇವಿ ಅರ್ಧ ಹಾಸು ಕೂಡಿಸಿದ್ದಳು. ಉಳಿದರ್ಧದ ಎಳೆಗಳು ಇನ್ನೂ ಜೋತಾಡುತ್ತಿವೆ. ಯಾರಿಗೂ ಮುಟ್ಟಲು ಬಿಟ್ಟಿಲ್ಲ, ತಾನೂ ಮುಟ್ಟಿಲ್ಲ. ಊರಿಗೆ ಹೋದ ಕೂಡಲೇ ಹಾಸು ಕತ್ತರಿಸಿ ಮಗ್ಗವನ್ನು ಮುಸ್ತಾಕನ ಕಟ್ಟಿಗೆ ಅಡ್ಡೆಗೆ ಹಾಕುವುದೆಂದು ಮಾತಾಗಿದೆ. ಬೇರೆಯವರ ಮನೆಯ ಸುದ್ದಿಯಂತೆ ಹೇಳಿ ಮುಗಿಸಿದ.

ವನಿತಾ ಸೆರಗಿನ ಕೂಡಿದ ಎಳೆಯನ್ನು ಜಗ್ಗಿ ನೋಡಿದಳು. ಬಿಡಲಿಲ್ಲ.

"ಕತ್ತರಸಬ್ಯಾಡ್ರಿ. ಆಕಿ ಕೂಡಿಸಿದ್ದು ಕೂಡಿಸಿದಂಗ ಇರ್ಲಿ. ಉಳಿದ ಅರ್ಧಾ ನಾ ಬಂದು ಕೂಡಸ್ತೀನಿ."

ಹಾಸು ಕೂಡಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಹೊರಗಿನವರನ್ನು ಅದಕ್ಕೆ ಕರೆಯುವುದಿಲ್ಲ, ಹೊರಗಿನವರು ಬರುತ್ತೇನೆ ಅನ್ನುವುದೂ ಇಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ವನಿತಾಳ ಕಿವಿ ಕೆಂಪಾದವು.

"ಏಳ್ರಿ, ಹೋಗೂಣು" ಎಂದು ಎದ್ದು ಕೈ ಚಾಚಿದಳು. ಅಣ್ಣಾರ ಅನ್ನಲಿಲ್ಲ.

ದೋಣಿ ಹತ್ತುವ ಮುನ್ನ ಗೈಡ ಎಲ್ಲರ ಕೈಗೆ ನೀರು ಹಾಕಿದ. ದ್ವೀಪದ ಕಲ್ಲು, ಬೂದಿ ಯಾವುದನ್ನೂ ಒಯ್ಯುವಂತಿಲ್ಲ. ಸೋಮೇಶ ಬೆರಳು ಮಡಚಿಕೊಂಡು ನಿಂತ. ತೊಳೆದುಕೊಳ್ಳಿರಿ, ಬೂದಿ ನಮ್ಮೂರ ಒಲೆಯಲ್ಲೂ ಇದೆ ಎಂದಳು ವನಿತಾ. ತೊಳೆದುಕೊಂಡ. ಪಟ್ಟಿ ಬಿಚ್ಚಲು ಗೈಡ ಕತ್ತರಿ ತಂದಾಗ ಮಾತ್ರ ಇಬ್ಬರೂ ಕೈ ಹಿಂದಕ್ಕೆ ಕಟ್ಟಿಕೊಂಡರು.

ದೋಣಿ ಅರ್ಧ ದಾರಿಗೆ ಬಂದಿತ್ತು. ಸೋಮೇಶ ಒಮ್ಮೆಲೇ ಹುಬ್ಬು ಗಂಟಿಕ್ಕಿ ಅಂಗಾಲು ಎತ್ತಿ ನೋಡಿಕೊಂಡ. ಬೊಬ್ಬೆಗಳು ಎದ್ದಿದ್ದವು.

"ವನಿತಾ," ಅಂದ. "ಕಾಲು ಭಾಳ ಉರಿಯಾಕ್ಹತ್ಯಾವು."

ಅವನ ಕಣ್ಣಲ್ಲಿ ನೀರಿತ್ತು. ಅವಳು ಸೆರಗನ್ನು ಸಮುದ್ರದಲ್ಲಿ ಅದ್ದಿ ಅವನ ಪಾದಕ್ಕೆ ಒತ್ತಿದಳು.

"ಛಲೋ ಆತು. ಈಗರ ಗೊತ್ತಾತಲ್ಲ" ಅಂದಳು.